ರಂಗೂನಿನಿಂದ ಬಂದ ಒಂದೇ ಒಂದು ಉತ್ತರ

ಅದು 1962ನೇ ಇಸವಿ, ಜುಲೈ ಏಳನೇ ತಾರೀಖು, ಶನಿವಾರ. ಆಗ ನಾನು ಬೆಂಗಳೂರಿನ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ದೂರದ ಊರುಗಳ ಕರೆ ಕೂಡಿಸುವ ಟೆಲಿಫೋನ್ ಆಪರೇಟರ್ ಆಗಿದ್ದೆ. ಎಸ್.ಎಸ್.ಎಲ್.ಸಿ. ಪಾಸಾದ ಮೇಲೆ ಸೇರಿದ ಮೊದಲ ಕೆಲಸ ಅದು, ಕೊನೆಯದೂ ಅದೇ. ಜಯನಗರದ ನಮ್ಮ ಮನೆಯಿಂದ ಅಶೋಕ ಪಿಲ್ಲರಿನವರೆಗೆ ನಡೆದು, ಅಲ್ಲಿ ಬಸ್ಸು ಹಿಡಿದು ಬೆಳಗಿನ ಪಾಳಿಗೆ ಹೋಗುತ್ತಿದ್ದೆ. ಆ ಶನಿವಾರ ನನ್ನ ಜೊತೆ ಅಮ್ಮನೂ ಬಂದಿದ್ದಳು. ತಿಂಗಳ ಮೊದಲ ಶನಿವಾರ ನನ್ನ ಪಾಳಿ ಮುಗಿದ ಮೇಲೆ, ಎಕ್ಸ್‌ಚೇಂಜಿನ ಕೆಳಗಿದ್ದ ಸಾರ್ವಜನಿಕ ಬೂತಿನಿಂದ ರಂಗೂನಿನಲ್ಲಿದ್ದ ನನ್ನ ತಮ್ಮ ನಾಗೇಂದ್ರನಿಗೆ ಫೋನು ಮಾಡುವುದು ನಮ್ಮ ಪದ್ಧತಿಯಾಗಿತ್ತು.

ನಾಗು ರಂಗೂನಿಗೆ ಹೋಗಿದ್ದು ನಮ್ಮ ಸೋದರಮಾವನ ಕಾರಣದಿಂದ. ಮಾವ ಅಲ್ಲಿ ತೇಗದ ಮರದ ವ್ಯಾಪಾರದ ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಇಂಟರ್ ಮುಗಿಸಿದ ನಾಗುವನ್ನು ಕರೆಸಿಕೊಂಡು ಅಲ್ಲಿನ ವಿಶ್ವವಿದ್ಯಾನಿಲಯಕ್ಕೆ ಸೇರಿಸಿದರು. ಮಾವ ನಿವೃತ್ತರಾಗಿ ಮದರಾಸಿಗೆ ಮರಳಿದಾಗ ನಾಗುವಿಗೆ ಇನ್ನೊಂದು ವರ್ಷದ ಓದು ಬಾಕಿ ಇತ್ತು. ಹಾಸ್ಟೆಲಿನಲ್ಲಿದ್ದು ಮುಗಿಸಿಕೊಂಡು ಬರುತ್ತೇನೆ ಎಂದು ಅವನು ಉಳಿದುಕೊಂಡ. ಹಾಸ್ಟೆಲಿನ ಹತ್ತಿರ ಅಣ್ಣಾಮಲೈ ಎಂಬ ತಮಿಳರ ಸ್ಟೇಷನರಿ ಅಂಗಡಿಯಿತ್ತು. ನಮ್ಮ ಕರೆ ಹೋಗುತ್ತಿದ್ದದ್ದು ಆ ಅಂಗಡಿಯ ಫೋನಿಗೆ.

ಅಂದು ಲೈನು ಸುಲಭವಾಗಿ ಸಿಕ್ಕಿತು. ಅಮ್ಮ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ಬಂಗಾಳ ಕೊಲ್ಲಿಯ ಆಚೆಗೆ ತಾನೇ ಕೂಗಿ ಮುಟ್ಟಿಸಬೇಕು ಎನ್ನುವ ಹಾಗೆ ಕಿರುಚಿದಳು.

"ನಾಗೂ, ಊಟ ಆಯ್ತೇನೋ?"

"ಆಯ್ತಮ್ಮ. ಕಿರುಚ್ಬೇಡ, ಇಲ್ಲಿ ಅಂಗಡಿಯೋರೆಲ್ಲ ನಗ್ತಾರೆ. ಚಟ್ನಿಪುಡಿ ಮುಗ್ದುಹೋಯ್ತು."

"ಹೋದ ತಿಂಗಳು ತಾನೇ ಕಳಿಸಿದ್ನಲ್ಲೋ! ಊರಿಗೆಲ್ಲ ಹಂಚ್ತೀಯೇನೋ?"

"ರೂಮಲ್ಲಿ ನಾಲ್ಕು ಜನ ಬರ್ಮದ ಹುಡುಗ್ರು ಇದಾರೆ. ಅನ್ನಕ್ಕೆ ಅದೇ ಬೇಕಂತೆ ಅವರಿಗೆ."

ಆಮೇಲೆ ನಾನು ಫೋನು ತೆಗೆದುಕೊಂಡೆ. ಅವನ ದನಿಯಲ್ಲಿ ಸಿಟ್ಟಿತ್ತು, ಜೊತೆಗೆ ಒಂಥರಾ ಹುರುಪೂ ಇತ್ತು.

"ಅಕ್ಕ, ಈಗ ಹಾಸ್ಟೆಲ್ ಗೇಟು ರಾತ್ರಿ ಎಂಟಕ್ಕೇ ಬೀಗ ಹಾಕ್ತಾರಂತೆ. ಮಿಲಿಟರಿಯೋರ ಹೊಸ ರೂಲು. ನಾವೇನು ಕೋಳಿಗಳಾ, ಹೊತ್ತು ಮುಳುಗ್ತಿದ್ದಂಗೆ ಗೂಡಿಗೆ ಹಾಕೋಕೆ?"

"ಕೋಳಿನೇ ವಾಸಿ ಕಣೋ, ಬೆಳಿಗ್ಗೆ ಬೇಗನಾದ್ರೂ ಏಳತ್ತೆ."

"ನಗ್ಬೇಡ. ಗೇಟಿನ ಮಾತಲ್ಲ ಇದು. ಮೊದಲು ಪಾರ್ಲಿಮೆಂಟಿಗೆ ಬೀಗ ಹಾಕಿದ್ರು, ಈಗ ನಮಗೆ. ಇವತ್ತು ಎಲ್ಲಾರೂ ಸ್ಟೂಡೆಂಟ್ಸ್ ಯೂನಿಯನ್ ಬಿಲ್ಡಿಂಗ್ ಹತ್ರ ಸೇರ್ತಿದೀವಿ."

"ನೀನು ಪರದೇಶದೋನು, ನಿನಗ್ಯಾಕೋ?"

"ನಾಲ್ಕು ವರ್ಷ ಇವರ ಅನ್ನ ತಿಂದಿದೀನಿ ಅಕ್ಕ."

ಅಷ್ಟರಲ್ಲಿ ಮೇಲೆ ಕರೆ ಕೂಡಿಸುವ ಬೋರ್ಡಿನಲ್ಲಿ ಕುಳಿತಿದ್ದ ನನ್ನ ಗೆಳತಿ ನಡುವೆ ಬಂದು "ಥ್ರೀ ಮಿನಿಟ್ಸ್" ಎಂದಳು. ಕರೆ ಮುಗಿಯಿತು. ಬಸ್ಸಿನಲ್ಲಿ ಬರುವಾಗ ಅಮ್ಮ ಚಟ್ನಿಪುಡಿಗೆ ಈ ಸಲ ಕೊಬ್ಬರಿ ಜಾಸ್ತಿ ಹಾಕಬೇಕು ಎಂದಳು. ಸೌತ್ ಎಂಡ್ ಸರ್ಕಲ್ಲಿನಲ್ಲಿ ಇಳಿದು, ತರಕಾರಿ ಕೊಂಡು, ಮನೆಗೆ ನಡೆದೆವು.

ಆ ದಿನ ಸಾಯಂಕಾಲ ರಂಗೂನಿನಲ್ಲಿ ಸೈನ್ಯ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿತು.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಅದೇ ವರ್ಷ ಮಾರ್ಚ್ ತಿಂಗಳಲ್ಲಿ ಬರ್ಮಾದ ಸೈನ್ಯ ಚುನಾಯಿತ ಸರ್ಕಾರವನ್ನು ಕಿತ್ತುಹಾಕಿ, ಮಂತ್ರಿಗಳನ್ನು ಬಂಧಿಸಿ, ಪಾರ್ಲಿಮೆಂಟನ್ನು ಮುಚ್ಚಿತ್ತು. ಜನ ಹೆಚ್ಚು ಮಾತಾಡಲಿಲ್ಲ. ಮಾತಾಡಿದವರು ಹುಡುಗರು. ಅವರ ಮೇಲೆ ಗುಂಡು ಹಾರಿದ ಮರುದಿನ ಬೆಳಿಗ್ಗೆ ಅವರ ಯೂನಿಯನ್ ಕಟ್ಟಡವನ್ನೇ ಸಿಡಿಮದ್ದಿಟ್ಟು ಉರುಳಿಸಿದರು. ಸತ್ತವರು ಹದಿನೈದೋ ಹದಿನಾರೋ ಎಂದು ಅಲ್ಲಿನ ಸರ್ಕಾರ ಹೇಳಿತು. ನೂರಕ್ಕೂ ಹೆಚ್ಚು ಎಂದು ಬೇರೆಯವರು ಹೇಳಿದರು. ನಮ್ಮ ಮನೆಗೆ ಬರುತ್ತಿದ್ದ ಪತ್ರಿಕೆಯಲ್ಲಿ ಈ ಸುದ್ದಿ ಒಳಪುಟದಲ್ಲಿ, ಒಂದು ಸಕ್ಕರೆ ಕಾರ್ಖಾನೆಯ ಉದ್ಘಾಟನೆಯ ಕೆಳಗೆ, ಕೆಲವೇ ಸಾಲುಗಳಲ್ಲಿ ಬಂದಿತ್ತು. ನಮ್ಮ ತಂದೆ ಅದನ್ನು ಓದಿ ಕನ್ನಡಕ ತೆಗೆದರು, ಒರೆಸಿ ಹಾಕಿಕೊಂಡರು, ಮತ್ತೆ ಓದಿದರು. ತಂದೆ ನ್ಯಾಯಾಲಯದ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಕೋರ್ಟಿನ ಕಚೇರಿಯ ಹಿರಿಯ ಗುಮಾಸ್ತರನ್ನು ಹಾಗೆ ಕರೆಯುತ್ತಿದ್ದರು. ಯಾವುದಕ್ಕೂ ಅಧಿಕೃತ ಉತ್ತರ ಬರುವವರೆಗೆ ಅವರು ಏನನ್ನೂ ನಂಬುತ್ತಿರಲಿಲ್ಲ.

"ನಾಗು ಬುದ್ಧಿವಂತ. ಹಿಂದೆ ನಿಂತಿರ್ತಾನೆ" ಎಂದರು.

ಸೋಮವಾರ ನಾನು ಬೋರ್ಡಿಗೆ ಕುಳಿತ ಕೂಡಲೇ ರಂಗೂನ್ ಸರ್ಕಿಟ್, ಅಂದರೆ ರಂಗೂನಿನ ಲೈನು, ಕೇಳಿದೆ. ಬೆಂಗಳೂರಿನಿಂದ ನೇರ ಸಂಪರ್ಕ ಇರಲಿಲ್ಲ. ನಾವು ಮದರಾಸನ್ನು ಕೇಳಬೇಕು, ಅಲ್ಲಿಂದ ರೇಡಿಯೋ ಮೂಲಕ ರಂಗೂನಿಗೆ ಹೋಗಬೇಕು. ಮದರಾಸಿನ ಆಪರೇಟರ್ "ಇಂಡೆಫಿನಿಟ್ ಡಿಲೇ" ಎಂದಳು. ಯಾವಾಗ ಸಿಗುತ್ತದೆಂದು ಹೇಳಲಾಗದಷ್ಟು ತಡ ಎಂದು ಅದರ ಅರ್ಥ. ಈ ಮಾತನ್ನು ನಾನೇ ಎಷ್ಟೋ ಜನರಿಗೆ ಏನೂ ಅನ್ನಿಸದೆ ಹೇಳಿದ್ದೆ. ಅಂದು ಅದನ್ನು ಕೇಳಿಸಿಕೊಂಡವಳು ನಾನು.

ಸರ್ಕಿಟ್ ತೆರೆಯಲು ದಿನಗಳೇ ಹಿಡಿದವು. ತೆರೆದ ಮೇಲೂ ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಸಿಗುತ್ತಿತ್ತು. ನಾನು ನಾಗುವಿನ ಹೆಸರಿಗೆ ಪಿ.ಪಿ. ಕಾಲ್ ಬುಕ್ ಮಾಡತೊಡಗಿದೆ. ಇಂದಿನವರಿಗೆ ಇದನ್ನು ವಿವರಿಸಬೇಕು. ಪರ್ಟಿಕ್ಯುಲರ್ ಪರ್ಸನ್ ಕಾಲ್ ಎಂದರೆ ಇಂಥ ವ್ಯಕ್ತಿಯೇ ಬೇಕು ಎಂದು ಹೆಸರು ಹೇಳಿ ಮಾಡುವ ಕರೆ. ಆ ಕಡೆಯ ಆಪರೇಟರ್ ಮೊದಲು ಆ ವ್ಯಕ್ತಿ ಇದ್ದಾನೆಯೇ ಎಂದು ತಾನೇ ವಿಚಾರಿಸುತ್ತಾಳೆ. ಇದ್ದರೆ ಮಾತು ಕೂಡಿಸುತ್ತಾಳೆ. ಇಲ್ಲದಿದ್ದರೆ ನಮಗೆ ವರದಿ ಕೊಡಬೇಕು. ಸಾಮಾನ್ಯವಾಗಿ ಬರುವ ವರದಿ "ಪಾರ್ಟಿ ನಾಟ್ ಅವೈಲಬಲ್, ಟ್ರೈ ಲೇಟರ್". ವ್ಯಕ್ತಿ ಸಿಗಲಿಲ್ಲ, ಆಮೇಲೆ ನೋಡಿ ಎಂದು. ಆಗ ಟಿಕೆಟ್ಟನ್ನು, ಅಂದರೆ ಕರೆಯ ಚೀಟಿಯನ್ನು, ಬಾಕಿ ಇಟ್ಟುಕೊಂಡು ಮತ್ತೆ ಪ್ರಯತ್ನಿಸುತ್ತೇವೆ. ಇದರಲ್ಲಿ ಒಂದು ಕಟ್ಟುನಿಟ್ಟು ಇತ್ತು. ಟಿಕೆಟ್ ರದ್ದು ಮಾಡಿ ಎಂದು ಹೇಳುವ ಹಕ್ಕು ಕರೆ ಬುಕ್ ಮಾಡಿದವರಿಗೆ ಮಾತ್ರ. ಆ ಕಡೆಯ ಆಪರೇಟರ್ ಎಷ್ಟೇ ಬೇಸತ್ತರೂ ರದ್ದು ಮಾಡಿ ಎನ್ನುವಂತಿಲ್ಲ. ನನ್ನ ಐದು ವರ್ಷದ ಕೆಲಸದಲ್ಲಿ ಯಾವ ಊರಿನ ಆಪರೇಟರೂ ಹಾಗೆ ಹೇಳಿದ್ದನ್ನು ಕೇಳಿರಲಿಲ್ಲ.

ಸ್ವಂತ ಕರೆಯನ್ನು ದಿನವೂ ಬುಕ್ ಮಾಡಲು ಸೂಪರ್‌ವೈಸರ್ ಒಪ್ಪಿಗೆ ಬೇಕಿತ್ತು. ನಮ್ಮ ಸೂಪರ್‌ವೈಸರ್ ಮಿಸೆಸ್ ಗ್ರೇಸ್, ಆಂಗ್ಲೋ ಇಂಡಿಯನ್ ಹೆಂಗಸು. ಬೋರ್ಡಿನಲ್ಲಿ ಪಕ್ಕದವಳ ಜೊತೆ ಒಂದು ಮಾತಾಡಿದರೂ ಬೆರಳ ಗಂಟಿಗೆ ಪೆನ್ಸಿಲಿನಿಂದ ಹೊಡೆಯುತ್ತಿದ್ದರು. ಬುಕ್ ಮಾಡಬೇಕಾದ ಚೀಟಿ ಹಿಡಿದು ಅವರ ಮುಂದೆ ನಿಂತೆ.

"ವಾಟ್ ಈಸ್ ದಿಸ್ ಗರ್ಲ್, ದಿನಾ ದಿನಾ ರಂಗೂನ್? ಬಾಯ್‌ಫ್ರೆಂಡಾ?"

"ನನ್ನ ತಮ್ಮ, ಮೇಡಂ. ಅಲ್ಲಿ ಓದ್ತಿದಾನೆ. ಶನಿವಾರದಿಂದ ಸುದ್ದಿ ಇಲ್ಲ."

ಅವರು ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡರು.

"ಬುಕ್ ಮಾಡು ಮ್ಯಾನ್. ಯಾರಾದ್ರೂ ಕೇಳಿದ್ರೆ ಗ್ರೇಸ್ ಹೇಳಿದ್ಳು ಅನ್ನು. ನನ್ನ ಅಂಕಲ್ ಕೂಡ ಅಲ್ಲಿಂದ ನಡ್ಕೊಂಡು ಬಂದ್ರು, ವಾರ್ ಟೈಮಲ್ಲಿ, ಜಪಾನೀಸ್ ಬಂದಾಗ. ಹಾಫ್ ದ ಫ್ಯಾಮಿಲಿ ಬರ್ಲಿಲ್ಲ."

ಅಂದಿನಿಂದ ದಿನವೂ ಕರೆ. ರಂಗೂನಿನ ಬೋರ್ಡಿನಲ್ಲಿ ಇರುತ್ತಿದ್ದದ್ದು ಒಬ್ಬ ಹುಡುಗಿ. ತೆಳ್ಳನೆಯ ದನಿ, ಸ್ವಲ್ಪ ರಾಗವಾಗಿ ಇಂಗ್ಲಿಷ್ ಮಾತಾಡುತ್ತಿದ್ದಳು. ಹಿಂದೆಯೂ ಎಷ್ಟೋ ಸಲ ಅವಳ ದನಿ ಕೇಳಿದ್ದೆ. ನಮ್ಮ ಕೆಲಸದಲ್ಲಿ ಹೆಸರು ಹೇಳುವಂತಿಲ್ಲ. ನಾನು ಅವಳಿಗೆ ಬ್ಯಾಂಗಲೋರ್, ಅವಳು ನನಗೆ ರಂಗೂನ್. "ಗುಡ್ ಮಾರ್ನಿಂಗ್ ಬ್ಯಾಂಗಲೋರ್" ಎನ್ನುವಾಗ ಅವಳ ದನಿಯಲ್ಲಿ ಮೊದಲೆಲ್ಲ ನಗು ಇರುತ್ತಿತ್ತು. ಈಗ ಇರಲಿಲ್ಲ. ಹಿಂದೆ ಯಾರೋ ಗಂಡಸರು ಓಡಾಡುವ ಬೂಟಿನ ಸದ್ದು ಕೇಳುತ್ತಿತ್ತು. ಅವಳು ಅಂಗಡಿಗೆ ಫೋನು ಮಾಡಿ ವಿಚಾರಿಸಿ ಬಂದು, "ಪಾರ್ಟಿ ನಾಟ್ ಅವೈಲಬಲ್, ಟ್ರೈ ಲೇಟರ್" ಎನ್ನುವಳು. ನಾನು ಮನೆಗೆ ಬಂದು ಅದನ್ನೇ ತಂದೆಗೆ ಹೇಳುವೆ. "ಟ್ರೈ ಲೇಟರ್ ಅಂದ್ರೆ ಇದಾನೆ ಅಂತ ತಾನೇ ಅರ್ಥ?" ಎಂದು ಅವರು ಕೇಳುವರು.

ಒಮ್ಮೆ ಅಂಗಡಿಯ ಅಣ್ಣಾಮಲೈ ಅವರ ಹೆಸರಿಗೇ ಕರೆ ಬುಕ್ ಮಾಡಿದೆ. ಅವರು ಸಿಕ್ಕರು. ನಾನು ನಾಗುವಿನ ಅಕ್ಕ ಎಂದೆ, ಅಷ್ಟೇ. ಅವರು ಯಾರಿಗೋ ಕೇಳಿಸಬೇಕೆನ್ನುವಂತೆ ದೊಡ್ಡ ದನಿಯಲ್ಲಿ, "ಎಲ್ಲಾಂ ಸೌಖ್ಯಂ ಅಮ್ಮಾ, ವ್ಯಾಪಾರಂ ನಲ್ಲಾ ನಡಕ್ಕುದು" ಎಂದು ಫೋನು ಇಟ್ಟುಬಿಟ್ಟರು. ಎಲ್ಲ ಸುಖ, ವ್ಯಾಪಾರ ಚೆನ್ನಾಗಿ ನಡೆಯುತ್ತಿದೆ ಎಂದು ಅದರ ಅರ್ಥ. ನಾನು ಅವರ ವ್ಯಾಪಾರದ ಬಗ್ಗೆ ಕೇಳಿಯೇ ಇರಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಅವರ ಹೆಂಡತಿ ಮಕ್ಕಳು ಆ ಊರಿನಲ್ಲೇ ಇದ್ದರು.

ನನಗೆ ಸಿಟ್ಟಿರುವುದು ಹೆದರಬೇಕಾದ ಕಾರಣ ಯಾವುದೂ ಇಲ್ಲದವರ ಮೇಲೆ.

ತಂದೆ ದೆಹಲಿಗೆ ಅರ್ಜಿ ಬರೆದರು. ವಿಚಾರಣೆ ನಡೆದಿದೆ, ತಿಳಿದ ಕೂಡಲೇ ತಿಳಿಸಲಾಗುವುದು ಎಂದು ಉತ್ತರ ಬಂತು. ಮತ್ತೆ ಬರೆದರು, ಮತ್ತೆ ಅದೇ ಬಂತು. ಕೊನೆಗೆ ದೆಹಲಿಗೆ ಟ್ರಂಕ್ ಕಾಲ್ ಮಾಡಿ ಒಬ್ಬ ಅಧಿಕಾರಿಯನ್ನು ಹಿಡಿದೆವು. ಬೂತಿನಲ್ಲಿ ತಂದೆಯ ಪಕ್ಕದಲ್ಲೇ ನಾನು ನಿಂತಿದ್ದೆ. ಆ ಅಧಿಕಾರಿ ಬಹಳ ಸೌಜನ್ಯದಿಂದ ಮಾತಾಡಿದರು. ಆ ದೇಶದೊಡನೆ ನಮ್ಮ ಸಂಬಂಧ ತುಂಬಾ ಚೆನ್ನಾಗಿದೆ, ಇಂಥ ಸಮಯದಲ್ಲಿ ಒತ್ತಾಯ ಮಾಡುವುದು ಸರಿ ಕಾಣುವುದಿಲ್ಲ, ತಾವು ಹಿರಿಯರು, ಅರ್ಥ ಮಾಡಿಕೊಳ್ಳುತ್ತೀರಿ ಎಂದರು. ತಂದೆ "ಸಂಬಂಧ ಚೆನ್ನಾಗಿದ್ರೆ ಕೇಳೋದು ಇನ್ನೂ ಸುಲಭ ಅಲ್ವೇ ಸಾರ್?" ಎಂದರು.  ಅಧಿಕಾರಿ, ನಿಮ್ಮ ಅರ್ಜಿ ನಮ್ಮ ಗಮನದಲ್ಲಿದೆ ಎಂದರು.

ಬೇರೆ ದೇಶಗಳೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ಮಾರ್ಚ್‌ನಲ್ಲಿ ಆ ಸೈನಿಕ ಸರ್ಕಾರಕ್ಕೆ ಮಾನ್ಯತೆ ಕೊಟ್ಟವರು ಜುಲೈನಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸ್ವಾತಂತ್ರ್ಯದ ಬಗ್ಗೆ ದಿನವೂ ಉಪದೇಶ ಮಾಡುವ ದೇಶಗಳಿಗೆ ಬರ್ಮಾ ತಮ್ಮ ಎದುರಾಳಿಗಳ ಕಡೆ ವಾಲದಿದ್ದರೆ ಸಾಕಾಗಿತ್ತು. ಜನಗಳ ರಾಜ್ಯ ಎಂದು ಹೇಳಿಕೊಳ್ಳುವ ದೇಶಗಳಿಗೂ ಸಾಕಾಗಿದ್ದು ಅದೇ. ಎಲ್ಲ ರಾಷ್ಟ್ರಗಳೂ ಸೇರುವ ದೊಡ್ಡ ಸಭೆಯಲ್ಲಿ ಈ ಹುಡುಗರ ಮಾತು ಎತ್ತಿದರೇನೋ ಎಂದು ತಂದೆ ಪ್ರತಿ ದಿನ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಹುಡುಕುತ್ತಿದ್ದರು. ಎತ್ತಿದ್ದನ್ನು ನಾವು ಯಾರೂ ಓದಲಿಲ್ಲ.

ದೂರದ ಊರುಗಳ ಮಾತು ಇರಲಿ, ನಮ್ಮ ಜಯನಗರದ್ದೇ ಹೇಳುತ್ತೇನೆ. ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಒಬ್ಬ ವಕೀಲರಿದ್ದರು. ಪರದೇಶಗಳ ಜನರ ಹಕ್ಕಿಗಾಗಿ ಒಂದು ಸಮಿತಿ ಕಟ್ಟಿಕೊಂಡಿದ್ದರು. ಹಿಂದಿನ ವರ್ಷ ಬೇರೊಂದು ಖಂಡದಲ್ಲಿ ಗೋಲಿಬಾರ್ ನಡೆದಾಗ ಲಾಲ್‌ಬಾಗಿನ ಗೇಟಿನಿಂದ ಕಪ್ಪು ಪಟ್ಟಿ ಕಟ್ಟಿಕೊಂಡು ಮೆರವಣಿಗೆ ಮಾಡಿಸಿದ್ದರು. ನಾಗು ಇಲ್ಲಿದ್ದಾಗ ಅವರ ಭಾಷಣ ಕೇಳಲು ಹೋಗುತ್ತಿದ್ದ. ತಂದೆ ಜರಿಪೇಟ ಸುತ್ತಿಕೊಂಡು, ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದರು. ಕೇಳಿದ್ದು ಇಷ್ಟೇ: ಸಮಿತಿಯ ಹೆಸರಿನಲ್ಲಿ ಒಂದು ಸಭೆ ಕರೆದು, ಅಲ್ಲಿ ಸತ್ತವರ ಹೆಸರುಗಳನ್ನು ಪ್ರಕಟಿಸಿ ಎಂದು ಒಂದು ಠರಾವು ಮಾಡಬೇಕು.

"ನಿಮ್ಮ ಸಂಕಟ ನನಗೆ ಅರ್ಥವಾಗುತ್ತೆ ಶಿರಸ್ತೇದಾರ್ರೇ" ಎಂದರು ವಕೀಲರು. "ಆದ್ರೆ ಬರ್ಮಾ ವಿಷಯ ಬೇರೆ. ಅವರು ಯಾವ ಬಣಕ್ಕೂ ಸೇರದೆ ನಮ್ಮ ಜೊತೆ ನಿಂತೋರು. ಈಗ ನಾವೇ ಕೂಗಾಡಿದ್ರೆ ಪಾಶ್ಚಾತ್ಯರಿಗೆ ಅನುಕೂಲ ಮಾಡಿಕೊಟ್ಟಂಗಾಗುತ್ತೆ."

"ಹೋದ ವರ್ಷ ಮೆರವಣಿಗೆ ಮಾಡಿದ್ರಲ್ಲ ಸಾರ್. ಅಲ್ಲಿ ಸತ್ತೋರು ನಿಮಗೆ ಏನಾಗ್ಬೇಕಿತ್ತು?"

"ಅದು ಸಾಮ್ರಾಜ್ಯಶಾಹಿ ಹಾರಿಸಿದ ಗುಂಡು. ಇದು ಅವರ ಆಂತರಿಕ ವಿಷಯ."

"ಗುಂಡು ಹೊಕ್ಕ ಮೈಗೆ ಆ ವ್ಯತ್ಯಾಸ ತಿಳಿಯುತ್ತಾ ಸಾರ್?"

ವಕೀಲರು ಕಾಫಿ ತೆಗೆದುಕೊಳ್ಳಿ ಎಂದರು. ಅವರ ಮನೆಯಾಕೆ ಕಾಫಿ ತಂದಿಟ್ಟಿದ್ದರು. ಯಾರ ಮನೆಯಲ್ಲೂ ಕೊಟ್ಟ ಕಾಫಿಯನ್ನು ಬಿಟ್ಟು ಏಳದ ನನ್ನ ತಂದೆ ಅಂದು ಲೋಟ ಮುಟ್ಟದೆ ಎದ್ದರು. ನಾವು ಗೇಟು ದಾಟಿದ ಮೇಲೆ, "ಈ ಮನುಷ್ಯನ ಭಾಷಣ ಕೇಳೋಕೆ ಅವನು ಊಟ ಬಿಟ್ಟು ಹೋಗ್ತಿದ್ದ" ಎಂದರು.  ಅದೇ ವಕೀಲರ ಟ್ರಂಕ್ ಕರೆಗಳನ್ನು ಆಮೇಲೂ ಎಷ್ಟೋ ಸಲ ನಾನೇ ಕೂಡಿಸಿಕೊಟ್ಟೆ. ಬೋರ್ಡಿನಲ್ಲಿ ಕಿವಿಗೆ ಬಿದ್ದದ್ದನ್ನು ಹೊರಗೆ ಹೇಳುವಂತಿಲ್ಲ. ಆ ನಿಯಮವನ್ನು ಈಗಲೂ ಮುರಿಯುವುದಿಲ್ಲ.

ಆಗಸ್ಟ್ ತಿಂಗಳ ನಡುವಿನಲ್ಲಿ ಒಂದು ದಿನ ಬೆಳಿಗ್ಗೆ ಎಂದಿನಂತೆ ರಂಗೂನ್ ಸಿಕ್ಕಿತು. ಎಂದಿನಂತೆ ನಾಗುವಿನ ಹೆಸರು ಹೇಳಿದೆ. ಅವಳು ಅಂಗಡಿಗೆ ವಿಚಾರಿಸಲು ಹೋಗಲೇ ಇಲ್ಲ. ತಗ್ಗಿದ ದನಿಯಲ್ಲಿ ಹೇಳಿದಳು.

"ಬ್ಯಾಂಗಲೋರ್, ಪ್ಲೀಸ್ ಕ್ಯಾನ್ಸಲ್ ದಿಸ್ ಟಿಕೆಟ್."

ನನಗೆ ಮೊದಲು ತಿಳಿಯಲಿಲ್ಲ. ಅವಳು ಹೊಸಬಳಲ್ಲ, ನಿಯಮ ಮರೆತಳೇ ಎಂದುಕೊಂಡೆ. "ರಂಗೂನ್, ಪಾರ್ಟಿ ಇದಾರಾ ಇಲ್ವಾ, ರಿಪೋರ್ಟ್ ಕೊಡಿ" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ನೋ ರಿಪೋರ್ಟ್. ಕ್ಯಾನ್ಸಲ್, ಸಿಸ್ಟರ್. ಡೋಂಟ್ ಬುಕ್ ಹಿಮ್ ಎಗೇನ್."

ಆಗ ಗೊತ್ತಾಯಿತು. ರದ್ದು ಮಾಡಿ ಎಂದು ಯಾವ ಆಪರೇಟರೂ ಹೇಳುವುದಿಲ್ಲ ಎಂಬುದು ನನಗೂ ಗೊತ್ತು, ಅವಳಿಗೂ ಗೊತ್ತು. ಅವಳ ಹಿಂದೆ ಬೂಟು ಹಾಕಿ ನಿಂತಿದ್ದವನಿಗೆ ಗೊತ್ತಿರಲಿಲ್ಲ. ಸತ್ತಿದ್ದಾನೆ ಎಂಬ ಮಾತನ್ನು ಹೇಳಲಾಗದ ಕಡೆ ಅವಳು ತನ್ನ ಕೈಯಲ್ಲಿದ್ದ ಒಂದೇ ಒಂದು ನಿಯಮವನ್ನು ಮುರಿದು ಅದನ್ನು ಹೇಳಿದ್ದಳು.

"ಆರ್ ಯೂ ಶೂರ್?" ಎಂದೆ. 

"ಶಾಪ್ ಜಂಟಲ್‌ಮನ್ ಸಾ ಹಿಮ್" ಎಂದಳು. ಅಂಗಡಿಯವರು ಕಣ್ಣಾರೆ ಕಂಡಿದ್ದರು. ಅಷ್ಟರಲ್ಲಿ ಒಬ್ಬ ಗಂಡಸಿನ ದನಿ ಅವರ ಭಾಷೆಯಲ್ಲಿ ಏನೋ ಗದರಿತು. ಲೈನು ಸತ್ತುಹೋಯಿತು.

ನಾನು ಪ್ಲಗ್ಗು ಹಿಡಿದುಕೊಂಡೇ ಕುಳಿತಿದ್ದೆ. ಬೋರ್ಡಿನ ಮೇಲೆ ಬೇರೆ ಕರೆಗಳ ದೀಪಗಳು ಹೊತ್ತಿಕೊಂಡು ಉರಿಯುತ್ತಿದ್ದವು. ಮಿಸೆಸ್ ಗ್ರೇಸ್ ಪೆನ್ಸಿಲು ಎತ್ತಿಕೊಂಡು ಬಂದರು. ನನ್ನ ಮುಖ ನೋಡಿ, ಏನೂ ಕೇಳದೆ, ಹೆಡ್‌ಸೆಟ್ ತೆಗೆದು ತಾವೇ ಹಾಕಿಕೊಂಡು ನನ್ನ ಜಾಗದಲ್ಲಿ ಕುಳಿತರು. ಸೂಪರ್‌ವೈಸರ್ ಬೋರ್ಡಿಗೆ ಕುಳಿತಿದ್ದನ್ನು ನಾವು ಯಾರೂ ಅದುವರೆಗೆ ನೋಡಿರಲಿಲ್ಲ. ನನ್ನ ಪಾಳಿ ಮುಗಿಯುವವರೆಗೆ ಅವರೇ "ನಂಬರ್ ಪ್ಲೀಸ್" ಎನ್ನುತ್ತಿದ್ದರು.

ಮನೆಯಲ್ಲಿ ಹೇಳಿದಾಗ ಅಮ್ಮ ಒಲೆಯ ಮುಂದೆ ಇದ್ದಳು. ಸೌಟು ಕೆಳಗಿಟ್ಟು, "ಆ ಹುಡುಗಿ ಹೆಸರೇನೇ?" ಎಂದು ಕೇಳಿದಳು.

"ಗೊತ್ತಿಲ್ಲಮ್ಮ. ಹೆಸರು ಹೇಳಂಗಿಲ್ಲ."

"ಅಯ್ಯೋ, ಅವಳಿಗೇನಾದ್ರೂ ಮಾಡಿದ್ರೋ ಏನೋ" ಎಂದಳು. ಆಮೇಲೆ ಅತ್ತಳು.

ತಂದೆ ನಂಬಲಿಲ್ಲ, ಅಥವಾ ನಂಬಲು ಒಪ್ಪಲಿಲ್ಲ. "ನಾಳೆ ಮತ್ತೆ ಬುಕ್ ಮಾಡು" ಎಂದರು. ಮಾಡಿದೆ. ಬೋರ್ಡಿನಲ್ಲಿ ಈ ಸಲ ಒಬ್ಬ ಗಂಡಸು ಇದ್ದ. ನಾಗುವಿನ ಹೆಸರು ಹೇಳಿ ಮುಗಿಸುವ ಮೊದಲೇ, ಎಲ್ಲೂ ವಿಚಾರಿಸದೆ, "ಪಾರ್ಟಿ ನಾಟ್ ಅವೈಲಬಲ್, ಟ್ರೈ ಲೇಟರ್" ಎಂದ. ಮಾರನೆಯ ದಿನವೂ ಅವನೇ, ಅದೇ ಮಾತು. ಅವನು ನಿಯಮ ಮುರಿಯಲಿಲ್ಲ. ಕೇಳುತ್ತಲೇ ಇದ್ದರೆ ಸಾಯುವವರೆಗೂ ನನಗೆ ಅದನ್ನೇ ಹೇಳುತ್ತಿದ್ದ. ದೆಹಲಿಯಿಂದ ಬಂದ ಉತ್ತರಗಳೂ ಅಚ್ಚುಕಟ್ಟಾಗಿ ಇದೇ ಮಾತನ್ನು ಹೇಳಿದ್ದವು ಎಂದು ಆಗ ನನಗೆ ಹೊಳೆಯಿತು. ತೆಳ್ಳನೆಯ ದನಿಯ ಆ ಹುಡುಗಿಯನ್ನು ಮತ್ತೆ ಯಾವತ್ತೂ ಆ ಸರ್ಕಿಟ್‌ನಲ್ಲಿ ನಾನು ಕೇಳಲಿಲ್ಲ. ಮದರಾಸಿನ ಆಪರೇಟರುಗಳನ್ನು ವಿಚಾರಿಸಿದೆ, ಅವರಿಗೂ ಗೊತ್ತಿರಲಿಲ್ಲ. ಕೆಲವು ದಿನಗಳ ಮೇಲೆ ನಾನು ಬುಕ್ ಮಾಡುವುದನ್ನು ನಿಲ್ಲಿಸಿದೆ. ತಂದೆಗೆ ಮಾತ್ರ ಬಹಳ ಕಾಲ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಇನ್ನು ಕರ್ಮದ ಪ್ರಶ್ನೆ. ಅಮ್ಮ ತ್ಯಾಗರಾಜನಗರದ ನಮ್ಮ ಪುರೋಹಿತರನ್ನು ಕರೆಸಿದಳು. ಸತ್ತದ್ದು ಖಚಿತವಾಗಿದ್ದರೆ, ದೇಹ ಸಿಗದಿದ್ದರೂ ದರ್ಭೆಯಲ್ಲಿ ಆಕೃತಿ ಮಾಡಿ ಸಂಸ್ಕಾರ ಮಾಡುವ ಪದ್ಧತಿ ನಮ್ಮಲ್ಲಿದೆ. ಸುಮ್ಮನೆ ಕಾಣೆಯಾದವರಾದರೆ ಹನ್ನೆರಡು ವರ್ಷ ಕಾಯಬೇಕು.

"ತಂತಿ ಬಂತೇನಮ್ಮ?" ಪುರೋಹಿತರು ಕೇಳಿದರು.

"ಇಲ್ಲ."

"ಸರ್ಕಾರದ ಕಾಗದ?"

"ಅದೂ ಇಲ್ಲ. ಫೋನಲ್ಲಿ ಒಬ್ಬ ಹುಡುಗಿ ಹೇಳಿದ್ಳು."

"ಫೋನಲ್ಲಿ ಯಾರೋ ಹೇಳಿದ್ದನ್ನ ಹ್ಯಾಗಮ್ಮ ಹಿಡಿಯೋದು? ಆಪ್ತರಾದೋರು ಹೇಳ್ಬೇಕು ಅಂತ ಶಾಸ್ತ್ರ. ಆಕೆ ನಿಮಗೆ ಯಾರು?"

"ಹೇಳೋಕೆ ಬೇರೆ ಯಾರು ಬಂದ್ರು ಶಾಸ್ತ್ರಿಗಳೇ?" ಎಂದಳು ಅಮ್ಮ. "ದೊಡ್ಡೋರೆಲ್ಲ ಬಾಯಿ ಮುಚ್ಕೊಂಡು ಕೂತಿದ್ರು. ಬಾಯಿ ಬಿಟ್ಟೋಳು ಅವಳೊಬ್ಳೇ. ಅವಳಿಗಿಂತ ಆಪ್ತರು ನನಗೆ ಯಾರಿದಾರೆ?"

ಪುರೋಹಿತರು ಪಂಚಾಂಗ ಮುಚ್ಚಿಟ್ಟು, "ಆಗ್ಲಿ. ದೋಷ ಇದ್ರೆ ನನಗಿರಲಿ. ಮಾಡೋಣ" ಎಂದರು.

ಒಪ್ಪದೆ ಹೋದವರು ತಂದೆ. ಸಂಸ್ಕಾರ ಮಾಡುವ ಕರ್ತೃವಾಗಿ ಕೂರಬೇಕಾದವರು ಅವರೇ. ಜಗಲಿಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದವರು ಒಳಗೆ ಬಂದು, ದನಿ ಎತ್ತದೆ ಹೇಳಿದರು.

"ಆ ಹುಡುಗಿ ಸ್ನೇಹದಿಂದ ಹೇಳಿದಾಳೆ. ಅವಳ ಮಾತು ಸುಳ್ಳು ಅಂತ ನಾನು ಅಂತಿಲ್ಲ. ಆದ್ರೆ ಗುಂಡು ಹಾರಿಸಿದೋರು ಹೇಳ್ಬೇಕು. ಕೇಳ್ಬೇಕಾದೋರು ಕೇಳ್ಬೇಕು. ನಾನು ಎಳ್ಳುನೀರು ಬಿಟ್ಟ ದಿನ ಈ ಕೇಸು ಅವರಿಗೂ ಮುಗೀತು. ನಾನು ಮುಗಿಸಲ್ಲ."

ಅಮ್ಮ ಅವರ ಮುಖವನ್ನೇ ನೋಡುತ್ತಿದ್ದಳು. "ಅವನಿಗೆ ಬಾಯಾರಿಕೆ ಆಗಿರತ್ತಲ್ರೀ" ಎಂದಳು. ತಂದೆ ಹೊರಗೆ ಹೋದರು. ಆ ದಿನ ಅವರು ಬನಶಂಕರಿಯ ಕಡೆ ಹೊಲಗಳ ನಡುವೆ ಎಷ್ಟೋ ದೂರ ನಡೆದು, ಚಪ್ಪಲಿಯ ತುಂಬಾ ಕೆಸರು ಮೆತ್ತಿಕೊಂಡು ಬಂದರು.

ಅಕ್ಟೋಬರಿನಲ್ಲಿ ಚೀನದೊಡನೆ ಯುದ್ಧ ಬಂತು. ದೇಶವೆಲ್ಲ ಗಡಿಯ ಕಡೆ ನೋಡಿತು. ಎಕ್ಸ್‌ಚೇಂಜಿನಲ್ಲಿ ನಮಗೆ ರಜೆಗಳೇ ರದ್ದಾದವು. ನಾಗುವಿನ ಬಗ್ಗೆ ಕೇಳಿದರೆ, ಅಮ್ಮಾ, ಇದು ಆ ಮಾತು ಆಡುವ ಹೊತ್ತೇ ಎನ್ನುವವರೇ ಎಲ್ಲ. ಅದು ತಪ್ಪಲ್ಲ, ಎಷ್ಟೋ ಮನೆಗಳಲ್ಲಿ ಹೊಸದಾಗಿ ಸಾವುಗಳಾಗಿದ್ದವು. ಆದರೆ ಯುದ್ಧಕ್ಕೆ ಮುಂಚಿನ ಮೂರು ತಿಂಗಳು ಇವರಿಗೆ ಯಾವ ಯುದ್ಧ ಇತ್ತು? ಆ ಪ್ರಶ್ನೆಯನ್ನು ಕೇಳಿದರೆ ನಾನು ದೇಶದ್ರೋಹಿಯಂತೆ ಕಾಣುತ್ತಿದ್ದೆ. 1964ರಲ್ಲಿ ಅಲ್ಲಿನ ಸರ್ಕಾರ ಅಂಗಡಿಗಳನ್ನೆಲ್ಲ ತನ್ನದಾಗಿಸಿಕೊಂಡಾಗ ಭಾರತೀಯರು ಹಡಗು ತುಂಬಿ ಮದರಾಸಿಗೆ ಮರಳಿದರು. ಹೆಂಗಸರ ಕಿವಿಯ ಓಲೆಯನ್ನೂ ಬಿಚ್ಚಿಸಿಕೊಂಡು ಕಳಿಸಿದ್ದರು. ಆಗ ನಮ್ಮ ಪತ್ರಿಕೆಗಳು ದೊಡ್ಡ ಅಕ್ಷರದಲ್ಲಿ ಬರೆದವು. ಎರಡು ವರ್ಷ ಮೊದಲು ಅಲ್ಲಿನ ಹುಡುಗರು ನಮಗಿಂತ ಮುಂಚೆ ಈ ಸರ್ಕಾರ ದಬ್ಬಾಳಿಕೆಯದು ಎಂದು ಕೂಗಿ ಹೇಳಿದ್ದರೆಂದು ಯಾರೂ ನೆನೆಯಲಿಲ್ಲ. ನಾನೂ ಮಾವನೂ ಮದರಾಸಿನ ಬಂದರಿಗೆ ಹೋಗಿ ಇಳಿದವರಲ್ಲಿ ಅಣ್ಣಾಮಲೈ ಅವರನ್ನು ಹುಡುಕಿದೆವು. ಅವರು ಕಾಯಿಲೆಯಿಂದ ಅಲ್ಲೇ ತೀರಿಕೊಂಡರು ಎಂದು ಅದೇ ಬೀದಿಯವರೊಬ್ಬರು ಹೇಳಿದರು. ನಾಗುವನ್ನು ಅವರು ಎಲ್ಲಿ ಕಂಡರು, ಬೀದಿಯಲ್ಲೋ, ಆಸ್ಪತ್ರೆಯಲ್ಲೋ, ಸೆರೆಮನೆಯಲ್ಲೋ, ಕೇಳುವುದಕ್ಕೆ ಯಾರೂ ಉಳಿಯಲಿಲ್ಲ.

ತಂದೆ 1967ರಲ್ಲಿ ತೀರಿಕೊಂಡರು. ಕೊನೆಯ ವರ್ಷದವರೆಗೂ ದೆಹಲಿಗೆ ಬರೆಯುತ್ತಿದ್ದರು. ಅವರ ಕರ್ಮ ಮುಗಿದ ಮೇಲೆ ಮದರಾಸಿನಿಂದ ಬಂದಿದ್ದ ಮಾವ, ಅಮ್ಮನ ಮಾತಿನಂತೆ, ದರ್ಭೆಯ ಆಕೃತಿ ಮಾಡಿಸಿ ನಾಗುವಿಗೂ ಸಂಸ್ಕಾರ ಮಾಡಿದರು. ಅದೇ ಪುರೋಹಿತರು ಮಾಡಿಸಿದರು. ಅಮ್ಮ ತರ್ಪಣದ ನೀರು ಬಿಡುವುದನ್ನು ಬಾಗಿಲಲ್ಲಿ ನಿಂತು ಕೊನೆಯವರೆಗೂ ನೋಡಿದಳು.

ನಾನು ಆ ಬೋರ್ಡಿನ ಮುಂದೆ ಒಂದು ಆಯುಷ್ಯವನ್ನೇ ಕಳೆದೆ. ಆ ಕೆಲಸ ಕಲಿಸಿದ್ದನ್ನು ಹೇಳಬೇಕೆಂದರೆ ಇದು. ಕರೆ ಕೂಡದಿದ್ದರೆ ನಾವು ಎರಡು ಬೇರೆ ಬೇರೆ ವರದಿ ಕೊಡುತ್ತಿದ್ದೆವು. ಲೈನು ಕೆಟ್ಟಿದ್ದರೆ ಔಟ್ ಆಫ್ ಆರ್ಡರ್. ಗಂಟೆ ಬಾರಿಸುತ್ತಿದ್ದು ಆ ಕಡೆಯವರು ಎತ್ತದಿದ್ದರೆ ನೋ ರಿಪ್ಲೈ. ಹೊಸದಾಗಿ ಸೇರಿದ ಹುಡುಗಿಯರು ಇವೆರಡನ್ನೂ ಒಂದೇ ಎಂದು ಬರೆದರೆ ನಾನು ಬೈಯುತ್ತಿದ್ದೆ. ಒಂದು ದೇಶದಲ್ಲಿ ಸೈನ್ಯ ತನ್ನದೇ ಮಕ್ಕಳ ಮೇಲೆ ಗುಂಡು ಹಾರಿಸಿದಾಗ, ಪರಿಸ್ಥಿತಿ ಸರಿಯಿಲ್ಲ, ಮಾಹಿತಿ ಬರುತ್ತಿಲ್ಲ, ನಮ್ಮ ಕೈ ಕಟ್ಟಿದೆ ಎಂದು ಬೇರೆ ದೇಶಗಳು ಹೇಳುತ್ತವೆ. ನನ್ನ ಅನುಭವದಲ್ಲಿ ಲೈನು ಕೆಟ್ಟಿರಲಿಲ್ಲ. ಗಂಟೆ ದೆಹಲಿಯಲ್ಲಿ ಬಾರಿಸಿತು, ಸಮುದ್ರದಾಚೆಯ ರಾಜಧಾನಿಗಳಲ್ಲಿ ಬಾರಿಸಿತು, ನಮ್ಮ ಎರಡು ರಸ್ತೆ ಆಚೆಯ ಮನೆಯಲ್ಲೂ ಬಾರಿಸಿತು. ಎಲ್ಲರಿಗೂ ಕೇಳಿಸಿತು. ಯಾರೂ ಎತ್ತಲಿಲ್ಲ.

ಸಂಸ್ಕಾರ ಆಯಿತು, ಆದರೆ ವರ್ಷಕ್ಕೊಮ್ಮೆ ಮಾಡುವ ಶ್ರಾದ್ಧಕ್ಕೆ ಸತ್ತ ದಿನದ ತಿಥಿ ಬೇಕು. ಗುಂಡು ಹಾರಿದ ದಿನವೇ ಹೋದನೋ, ಗಾಯಗೊಂಡು ಎಷ್ಟು ದಿನ ಇದ್ದನೋ ನಮಗೆ ತಿಳಿಯದು. ದಿನ ಗೊತ್ತಿಲ್ಲದವರಿಗೆ ಅಮಾವಾಸ್ಯೆಯಂದು ಮಾಡಬಹುದು ಎಂದರು, ಹಾಗೇ ಮಾಡುತ್ತಾ ಬಂದಿದ್ದೇವೆ. ಸತ್ತವರ ಹೆಸರುಗಳನ್ನು ಆ ಸರ್ಕಾರ ನಮಗೆ ಹೇಳಲಿಲ್ಲ, ನಮ್ಮ ಪರವಾಗಿ ಯಾರೂ ಕೇಳಿ ತಿಳಿಸಲಿಲ್ಲ. ನನ್ನ ತಮ್ಮ ಯಾವ ದಿನ ಸತ್ತ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ.